ಸಿಡಿಲು ಬಡಿದ ಗೋರಿಯ ಪಕ್ಕದಲ್ಲಿ

(ಪುಣೆಯ ಬಿಬವೇವಾಡಿಯಲ್ಲಿ ನಡೆದ ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ಆಡಿದ ಮಾತಿನ ಬರಹರೂಪ)



ಈ ತಿಂಗಳು ಪ್ರವಾಸದ ಬಗ್ಗೆ ಮಾತಾಡಬೇಕು ಎಂದು ಹೇಳಿದಾಗ ನಾನು ಬೀದರ ಅಂದೆ. "ಬೀದರಾ? ಅಲ್ಲೇನಿದೆ ನೋಡೋಕೆ?" ಅಂತ ಇಲ್ಲಿ ಕೂತವರಲ್ಲೇ ಇಬ್ಬರು ಕೇಳಿದರು. ಹೆಸರು ಹೇಳುವುದಿಲ್ಲ, ಹೆದರಬೇಡಿ. ಹಂಪಿ, ಬಾದಾಮಿ, ಬೇಲೂರುಗಳ ಬಗ್ಗೆ ನಾವೆಲ್ಲ ಬೇಕಾದಷ್ಟು ಕೇಳಿದ್ದೇವೆ, ನೋಡಿದ್ದೇವೆ. ಪುಣೆಯಿಂದ ಹೈದರಾಬಾದಿಗೆ ಕಾರಿನಲ್ಲಿ ಹೋಗುವವರು ಹುಮನಾಬಾದಿನಲ್ಲಿ ಚಹಾ ಕುಡಿದು ಮುಂದೆ ಸಾಗಿಬಿಡುತ್ತಾರೆ. ಅಲ್ಲಿಂದ ಎಡಕ್ಕೆ ಒಂದು ಗಂಟೆ ಹೋದರೆ ಕರ್ನಾಟಕದ ತುದಿಯಲ್ಲಿ ಒಂದು ರಾಜಧಾನಿ ಇದೆ ಎನ್ನುವುದು ಎಷ್ಟೋ ಜನಕ್ಕೆ ನೆನಪೇ ಇರುವುದಿಲ್ಲ.

ಇಡೀ ಬೀದರದ ಬಗ್ಗೆ ನಾನು ಇವತ್ತು ಹೇಳುವುದಿಲ್ಲ. ಅಲ್ಲಿ ಮೂರು ವರ್ಷ ಚಿಲ್ಲರೆ ಕಾಲ ಮಾತ್ರ ಆಳಿದ ಒಬ್ಬ ಸುಲ್ತಾನನ ಜಾಡು ಹಿಡಿದು ತಿರುಗಿದ್ದನ್ನು ಹೇಳುತ್ತೇನೆ. ಅವನ ಹೆಸರು ಹುಮಾಯೂನ್ ಶಾಹ ಬಹಮನಿ. ದಿಲ್ಲಿಯ ಮೊಗಲ್ ಹುಮಾಯೂನ್ ಅಲ್ಲ. ಆತ ಹುಟ್ಟುವುದಕ್ಕೂ ಸುಮಾರು ಐವತ್ತು ವರ್ಷ ಮೊದಲಿನವನು ಈತ. 1458ರಿಂದ 1461ರವರೆಗೆ ಆಳಿದ. ಜನ ಇವನನ್ನು ಕರೆಯುವುದು ಒಂದೇ ಹೆಸರಿನಿಂದ: ಜಾಲಿಮ್. ಅಂದರೆ ಕ್ರೂರಿ, ಪೀಡಕ.

ಇವನ ಬಗ್ಗೆ ಕುತೂಹಲ ಹುಟ್ಟಿದ್ದು ನಮ್ಮ ಆಫೀಸಿನ ಊಟದ ಮೇಜಿನ ಹತ್ತಿರ. ಸಹೋದ್ಯೋಗಿಯೊಬ್ಬರು ರೊಮೇನಿಯಾಕ್ಕೆ ಹೋಗಿ ಬಂದಿದ್ದರು. ಬ್ರಾನ್ ಕೋಟೆಯ ಫೋಟೊ ತೋರಿಸಿ, "ಇದು ಡ್ರಾಕುಲಾನ ಕೋಟೆ" ಅಂದರು. ಡ್ರಾಕುಲಾ ಕಥೆಗೆ ಹೆಸರು ಕೊಟ್ಟವನು ವ್ಲಾಡ್ ಎಂಬ ನಿಜವಾದ ಅರಸ, ವೈರಿಗಳನ್ನು ಶೂಲಕ್ಕೇರಿಸುತ್ತಿದ್ದವನು ಎಂಬುದು ನಿಮಗೆ ಗೊತ್ತಿರಬಹುದು. ಅವನು ಹೆಸರು ಕೆಡಿಸಿಕೊಂಡ ಮುಖ್ಯ ಆಳ್ವಿಕೆ 1456ರಿಂದ 1462ರದ್ದು. ಬೀದರದ ಜಾಲಿಮನ ಕಾಲಕ್ಕೆ ಹೆಚ್ಚುಕಡಿಮೆ ಸರಿಸಮ! ಅಲ್ಲಿ ವ್ಲಾಡ್, ಇಲ್ಲಿ ಹುಮಾಯೂನ್, ಒಬ್ಬರಿಗೊಬ್ಬರು ಗೊತ್ತೇ ಇಲ್ಲದ ಸಮಕಾಲೀನರು. ಬ್ರಾನ್ ಕೋಟೆಗೂ ವ್ಲಾಡನಿಗೂ ಇರುವ ನಂಟು ಬಹಳ ತೆಳುವಾದದ್ದು. 1897ರಲ್ಲಿ ಕಾದಂಬರಿ ಪ್ರಕಟಿಸಿದ ಬ್ರಾಮ್ ಸ್ಟೋಕರ್ ಆ ಸೀಮೆಯನ್ನು ಕಣ್ಣಿನಿಂದ ಕಂಡವನಲ್ಲ. ಆದರೂ ಜಗತ್ತೆಲ್ಲ ಟಿಕೆಟ್ ಕೊಂಡು ಅಲ್ಲಿಗೆ ಹೋಗುತ್ತದೆ. ನಮ್ಮ ಜಾಲಿಮನ ಗೋರಿ ಮಾತ್ರ ಜೋಳದ ಹೊಲಗಳ ಸೀಮೆಯಲ್ಲಿ ತನ್ನಷ್ಟಕ್ಕೆ ನಿಂತಿದೆ.

ಸರಿ, ಡಿಸೆಂಬರಿನ ಒಂದು ಶುಕ್ರವಾರ ರಜೆ ಹಾಕಿದೆ. ಬೆಳಿಗ್ಗೆ ಐದಕ್ಕೆ ಬಿಬವೇವಾಡಿ ಬಿಟ್ಟು, ಟ್ರಾಫಿಕ್ ಎದ್ದೇಳುವ ಮೊದಲೇ ಹಡಪಸರ ದಾಟಿ ಸೋಲಾಪುರ ರಸ್ತೆ ಹಿಡಿದೆವು. ಯಜಮಾನರು, ಮಗಳು, ನಾನು, ಮತ್ತು ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆಯವರು. ಸೋಲಾಪುರ, ಉಮರ್ಗಾ, ಹುಮನಾಬಾದ್, ಬೀದರ. ನಿಧಾನವಾಗಿ ಹೋದರೆ ಒಂಬತ್ತು ಗಂಟೆಯ ದಾರಿ. ಉಮರ್ಗಾ ದಾಟಿದ ಮೇಲೆ ಬೋರ್ಡುಗಳು ಕನ್ನಡಕ್ಕೆ ತಿರುಗುತ್ತವೆ. ಅತ್ತೆಯವರು ಒಂದೊಂದನ್ನೂ ಗಟ್ಟಿಯಾಗಿ ಓದುತ್ತಾ ಬಂದರು. ಪುಣೆಯಲ್ಲಿ ಬೆಳೆಯುತ್ತಿರುವ ಮೊಮ್ಮಗಳಿಗೆ ಅದೇ ಕನ್ನಡ ಪಾಠ.

ಮೊದಲು ಕೋಟೆ. ಬಹಮನಿಯರ ರಾಜಧಾನಿ ಕಲಬುರಗಿಯಿಂದ ಬೀದರಕ್ಕೆ ಬಂದದ್ದು 1430ರ ಆಸುಪಾಸಿನಲ್ಲಿ, ಅಹಮದ್ ಶಾಹನ ಕಾಲದಲ್ಲಿ. ಈತ ನಮ್ಮ ಜಾಲಿಮನ ಅಜ್ಜ. ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕೆಂಪು ಜಂಬಿಟ್ಟಿಗೆಯ ನೆಲ, ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕ. ಒಳಗೆ ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕೆತ್ತನೆಯ ಮುಂದೆ ಎಲ್ಲರೂ ನಿಂತು ನೋಡುತ್ತಾರೆ. ಅದು ನಂತರ ಬಂದ ಬರೀದಶಾಹಿಗಳ ಕೆಲಸ, ನಮ್ಮ ಕಥೆಗೆ ಸೇರಿದ್ದಲ್ಲ. ನಮಗೆ ಬೇಕಾದದ್ದು ತಖ್ತ್ ಮಹಲ್, ಸಿಂಹಾಸನದ ಅರಮನೆ. ಈಗ ಎತ್ತರದ ಕಮಾನುಗಳು, ಮುರಿದ ಗೋಡೆಗಳು, ಅಲ್ಲಲ್ಲಿ ಉಳಿದ ಹೆಂಚಿನ ಬಣ್ಣ. ಕಮಾನಿನ ಮೂಲೆಯಲ್ಲಿ ಹುಲಿ, ಅದರ ಬೆನ್ನಿನ ಹಿಂದೆ ಹುಟ್ಟುವ ಸೂರ್ಯ. ಆ ಹುಲಿಯನ್ನು ನೋಡುತ್ತಾ ನಾನು ಅತ್ತೆಯವರಿಗೆ ಹುಮಾಯೂನನ ಕಥೆ ಹೇಳಿದೆ. ನಿಮಗೂ ಹೇಳುತ್ತೇನೆ.

ಅಪ್ಪ ಸತ್ತಾಗ ಕೆಲವು ಸರದಾರರು ಹಿರಿಯ ಮಗನಾದ ಹುಮಾಯೂನನನ್ನು ಬಿಟ್ಟು ತಮ್ಮ ಹಸನ್ ಖಾನನನ್ನು ಪಟ್ಟಕ್ಕೆ ಕೂರಿಸಲು ನೋಡಿದರು. ಹುಮಾಯೂನ್ ನುಗ್ಗಿ ಬಂದು ಸಿಂಹಾಸನ ಹಿಡಿದ, ತಮ್ಮನನ್ನು ಸೆರೆಗೆ ಹಾಕಿದ. ಮುಂದೆ ಆತ ತೆಲಂಗಾಣದ ದಂಡಯಾತ್ರೆಯಲ್ಲಿದ್ದಾಗ ಯೂಸುಫ್ ತುರ್ಕ್ ಎಂಬವನು ಬೀದರದ ಸೆರೆಮನೆ ಒಡೆದು ಹಸನ್ ಖಾನನನ್ನೂ ಅವನ ಜೊತೆಗಿದ್ದ ಹಬೀಬುಲ್ಲಾ ಎಂಬ ಸಂತ ಮನೆತನದವನನ್ನೂ ಸಾವಿರಾರು ಕೈದಿಗಳನ್ನೂ ಬಿಡಿಸಿದ. ಸುದ್ದಿ ತಿಳಿದು ಸುಲ್ತಾನ ಹಿಂತಿರುಗಿದ. ಅಲ್ಲಿಂದ ಮುಂದಿನದು ಫರಿಷ್ತಾ ಎಂಬ ಇತಿಹಾಸಕಾರ ಬರೆದದ್ದು. ಊರ ಕಾವಲಿನ ಕೊತ್ವಾಲನನ್ನು ಕಬ್ಬಿಣದ ಪಂಜರದಲ್ಲಿಟ್ಟು ಹಿಂಸಿಸಿ ಕೊಂದ. ಬಿಜಾಪುರದ ಕಡೆ ಓಡಿದ ತಮ್ಮನಿಗೆ ಅಲ್ಲಿಯ ಅಧಿಕಾರಿ ಆಶ್ರಯ ಕೊಡುತ್ತೇನೆಂದು ನಂಬಿಸಿ ಹಿಡಿದುಕೊಟ್ಟ. ಹಬೀಬುಲ್ಲಾ ಹೋರಾಡುತ್ತಾ ಸತ್ತ. ಹಸನ್ ಖಾನನನ್ನು ಅರಮನೆಯ ಮುಂದಿನ ಬಯಲಿನಲ್ಲಿ ಹುಲಿಗಳ ಮುಂದೆ ಎಸೆಯಲಾಯಿತು. ಅವನ ಕಡೆಯವರನ್ನು ಕುದಿಯುವ ಎಣ್ಣೆಯ ಕಡಾಯಿಗೆ ಹಾಕಿದರು. ಅಡುಗೆಯವರು, ಆಳುಗಳನ್ನೂ ಬಿಡಲಿಲ್ಲ. ಅವರ ಮನೆಯ ಹೆಂಗಸರಿಗೆ ಬಯಲಿನಲ್ಲೇ ಅವಮಾನ.

ಫರಿಷ್ತಾ ಇನ್ನೆರಡು ಮಾತು ಹೇಳುತ್ತಾನೆ. ದರ್ಬಾರಿಗೆ ಹೊರಡುವ ಸರದಾರರು ಹೆಂಡತಿ ಮಕ್ಕಳಿಗೆ ಕೊನೆಯ ಮಾತು ಹೇಳಿ ಹೊರಡುತ್ತಿದ್ದರಂತೆ. ಬೀದಿಯಲ್ಲಿ ಮದುವೆಯ ದಿಬ್ಬಣ ಬಂದರೆ ಸುಲ್ತಾನ ಅದನ್ನು ತಡೆಸಿ ಮದುಮಗಳನ್ನು ಅರಮನೆಗೆ ಎತ್ತಿಸಿಕೊಂಡು ಹೋಗಿ, ಆಮೇಲೆ ಗಂಡನ ಮನೆಗೆ ಕಳಿಸುತ್ತಿದ್ದನಂತೆ. ಅಂತಃಪುರದ ಹೆಂಗಸರನ್ನು ಸಣ್ಣ ತಪ್ಪಿಗೂ ಕೊಲ್ಲಿಸುತ್ತಿದ್ದನಂತೆ. ಆ ಮದುಮಗಳಂದಿರಲ್ಲಿ ಒಬ್ಬಳ ಹೆಸರೂ ಇಲ್ಲ. ಊರು, ಕೇರಿ ಏನೂ ಇಲ್ಲ. "ದಿಬ್ಬಣದ ಮದುಮಗಳು" ಎಂಬ ಎರಡು ಪದ, ಅಷ್ಟೇ.

1461ರಲ್ಲಿ ಆತ ಸತ್ತ. ಕಾಯಿಲೆಯಿಂದ ಎಂದು ಒಂದು ಮಾತು. ಕುಡಿದು ಮಲಗಿದ್ದಾಗ ಅರಮನೆಯ ಆಳುಗಳೇ ಮುಗಿಸಿದರು ಎಂದು ಇನ್ನೊಂದು. ದಾಸಿಯೊಬ್ಬಳು ದೊಣ್ಣೆಯಿಂದ ತಲೆಗೆ ಹೊಡೆದಳು ಎಂದು ಮತ್ತೊಂದು. ಸೆರೆಮನೆಯಲ್ಲಿದ್ದು ಹೊರಬಂದಿದ್ದ ನಜೀರಿ ಎಂಬ ಕವಿ ಆ ಸಾವಿನ ವರ್ಷವನ್ನು ಎರಡು ಪದಗಳಲ್ಲಿ ಅಡಗಿಸಿಟ್ಟ. ಫಾರಸಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಅಂಕಿಯ ಬೆಲೆ ಇದೆ, ನಮ್ಮ ಕಟಪಯಾದಿಯ ಹಾಗೆ. "ಜಗತ್ತಿನ ಸಂತೋಷ" ಎಂಬ ಅರ್ಥದ ಆ ಎರಡು ಪದಗಳ ಅಕ್ಷರ ಕೂಡಿಸಿದರೆ ಮೊದಲನೆಯದು 806, ಎರಡನೆಯದು 59, ಒಟ್ಟು 865. ಅದು ಹುಮಾಯೂನ್ ಸತ್ತ ಹಿಜರಿ ವರ್ಷ! ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವಳಿಗೆ ಇಂಥದ್ದು ಸಿಕ್ಕರೆ ಎಷ್ಟು ಖುಷಿ ಆಗುತ್ತದೆಂದು ನಿಮಗೆ ಹೇಗೆ ಹೇಳಲಿ. ಕಾಗದದ ಮೇಲೆ ಕೂಡಿಸಿ ನೋಡಿದೆ, ಲೆಕ್ಕ ಸರಿ ಇದೆ. ಒಬ್ಬ ಮನುಷ್ಯ ಸತ್ತದ್ದನ್ನು ಇಷ್ಟು ಕರಾರುವಾಕ್ಕಾಗಿ, ಇಷ್ಟು ಖುಷಿಯಿಂದ ಬರೆದಿಟ್ಟ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಅಷ್ಟೂರಿಗೆ ಹೊರಟೆವು. ಬೀದರದಿಂದ ಪೂರ್ವಕ್ಕೆ ಮೂರ್ನಾಲ್ಕು ಕಿಲೋಮೀಟರ್. ಆಟೋದವರೇ ನಮ್ಮ ಗೈಡ್. ದಾರಿಯಲ್ಲಿ ಚೌಖಂಡಿ ಸಿಗುತ್ತದೆ. ದಿಣ್ಣೆಯ ಮೇಲೆ ಎಂಟು ಮೂಲೆಯ ಕಲ್ಲಿನ ಕಟ್ಟಡ, ಕಪ್ಪು ಕಲ್ಲಿನ ಮೇಲೆ ಬಹಳ ಚೆಂದದ ಅಕ್ಷರ ಕೆತ್ತನೆ. ಇರಾನಿನಿಂದ ಬಂದ ಖಲೀಲುಲ್ಲಾ ಎಂಬ ಸಂತನ ಸಮಾಧಿ. ಸಾಮಾನ್ಯವಾಗಿ ಜನ ಇಲ್ಲಿ ಫೋಟೊ ತೆಗೆದುಕೊಂಡು ಮುಂದೆ ಹೋಗುತ್ತಾರೆ. ನೀವು ಒಂದು ನಿಮಿಷ ನಿಲ್ಲಿ. ಬಿಜಾಪುರದಲ್ಲಿ ಹೋರಾಡಿ ಸತ್ತ ಹಬೀಬುಲ್ಲಾ ಈ ಖಲೀಲುಲ್ಲಾನ ಮಗ. ಜಾಲಿಮನ ಗೋರಿಗೆ ಹೋಗುವವರು ಅವನಿಂದ ಮಗನನ್ನು ಕಳೆದುಕೊಂಡ ತಂದೆಯ ಸಮಾಧಿ ದಾಟಿಯೇ ಹೋಗಬೇಕು. ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ, ಆದರೆ ಹಾಗೆ ಆಗಿದೆ.

ಅಷ್ಟೂರಿನಲ್ಲಿ ಗುಮ್ಮಟಗಳು ಒಂದರ ಪಕ್ಕ ಒಂದು ಸಾಲಾಗಿ ನಿಂತಿವೆ. ಅದರ ನಡುವೆ ಒಂದು ಮಾತ್ರ ಒಡೆದ ತೆಂಗಿನಕಾಯಿಯ ಹಾಗೆ. ಅರ್ಧಕ್ಕಿಂತ ಹೆಚ್ಚು ಗುಮ್ಮಟ ಬಿದ್ದುಹೋಗಿದೆ. ಉಳಿದದ್ದು ಬಾಗಿದ ಒಂದು ದೊಡ್ಡ ಚೂರು, ಅದಕ್ಕೆ ಹೆಗಲು ಕೊಟ್ಟು ನಿಂತ ಗೋಡೆ, ಗೋಡೆಯಲ್ಲಿ ಕಮಾನು. ಗುಮ್ಮಟ ಎಷ್ಟು ದಪ್ಪ, ಇಟ್ಟಿಗೆಗಳನ್ನು ಹೇಗೆ ಒಂದರ ಮೇಲೊಂದು ಬಾಗಿಸುತ್ತಾ ಹೋಗಿದ್ದಾರೆ, ಎಲ್ಲ ಕಣ್ಣಿಗೆ ಕಾಣುತ್ತದೆ. ಪುಸ್ತಕದಲ್ಲಿ ಕಟ್ಟಡವನ್ನು ಸೀಳಿ ಚಿತ್ರ ಬರೆಯುತ್ತಾರಲ್ಲ, ಹಾಗೆ.

"ಸಿಡ್ಲು ಬಡಿದೈತ್ರಿ. ಜಾಲಿಮ್ ಇದ್ದನಲ್ರೀ, ಮ್ಯಾಲಿನಾವ ಬಿಡ್ತಾನೇನು?" ಅಂದರು ಆಟೋದವರು.

ಬೀದರದಲ್ಲಿ ಯಾರನ್ನು ಕೇಳಿದರೂ ಇದೇ ಮಾತು. ನೆಲ ಇವನನ್ನು ಒಪ್ಪಿಕೊಂಡರೂ ಆಕಾಶ ಒಪ್ಪಲಿಲ್ಲ. ಅತ್ತೆಯವರು ಕೈ ಮುಗಿಯಲೂ ಇಲ್ಲ, ಬಯ್ಯಲೂ ಇಲ್ಲ. ಸೆರಗು ತಲೆಗೆ ಎಳೆದುಕೊಂಡು ಸುಮ್ಮನೆ ಮೇಲೆ ನೋಡುತ್ತಾ ನಿಂತರು.

ಕಥೆ ಚೆನ್ನಾಗಿದೆ. ಆದರೆ ಗೆಳತಿಯರೇ, ತಾರೀಖು ನೋಡಿ. ಈ ಸಿಡಿಲು ಬಡಿದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಅವನು ಸತ್ತು ನಾಲ್ಕು ಶತಮಾನ ಕಳೆದ ಮೇಲೆ. ದಿಬ್ಬಣದಿಂದ ಎತ್ತಿಸಿಕೊಂಡು ಹೋದ ಹುಡುಗಿಯ ಮರಿಮಕ್ಕಳ ಮರಿಮಕ್ಕಳೂ ಇಲ್ಲದ ಕಾಲ. ಅಷ್ಟು ತಡವಾಗಿ ಬಂದದ್ದನ್ನು ನ್ಯಾಯ ಎನ್ನಲು ನನಗೆ ಮನಸ್ಸು ಬರಲಿಲ್ಲ.

ಇನ್ನೊಂದು ಸಿಡಿಲಿನ ಕಥೆಯೂ ಇದೇ ಊರಿನಲ್ಲಿದೆ. ಬೀದರ ಪೇಟೆಯ ನಡುವೆ ಮಹಮೂದ್ ಗವಾನನ ಮದರಸಾ ಇದೆಯಲ್ಲ, 1472ರಲ್ಲಿ ಕಟ್ಟಿದ್ದು. ಮೂರು ಅಂತಸ್ತು, ಸಾವಿರಾರು ಹಸ್ತಪ್ರತಿಗಳ ಗ್ರಂಥಾಲಯ, ದೂರದೇಶದಿಂದ ಬಂದ ವಿದ್ವಾಂಸರು. ಗವಾನ್ ಎಂದರೆ ಸಜ್ಜನಿಕೆಗೆ ಇನ್ನೊಂದು ಹೆಸರು ಎನ್ನುವಂತೆ ಬೀದರದವರು ಮಾತಾಡುತ್ತಾರೆ. ಆ ಕಟ್ಟಡದ ಮುಂಭಾಗದ ಅರ್ಧ, ಒಂದು ಮಿನಾರು ಸಮೇತ, 1696ರಲ್ಲಿ ಬಿದ್ದುಹೋಯಿತು. ಸಿಡಿಲು ಬಡಿದು, ಮೊಗಲ್ ಸೈನ್ಯ ಒಳಗೆ ತುಂಬಿಟ್ಟಿದ್ದ ಮದ್ದು ಹೊತ್ತಿಕೊಂಡು ಸಿಡಿಯಿತು ಎನ್ನುತ್ತಾರೆ. ಅದಕ್ಕೆ ಯಾರೂ "ಮೇಲಿನವನ ಕೋಪ" ಎನ್ನುವುದಿಲ್ಲ. ಪಾಪ, ಎಂಥ ಕಟ್ಟಡ ಹಾಳಾಯಿತು ಎನ್ನುತ್ತಾರೆ. ಸಿಡಿಲು ಅದೇ. ಮನೆ ಯಾರದು ಎಂದು ನೋಡಿ ನಾವು ಅರ್ಥ ಹಚ್ಚುತ್ತೇವೆ.

ಈಗ ಅಜ್ಜನ ವಿಷಯಕ್ಕೆ ಬರುತ್ತೇನೆ. ಅಷ್ಟೂರಿನ ಸಾಲಿನಲ್ಲಿ ಅತ್ಯಂತ ಸುಂದರವಾದ ಗೋರಿ ಅಹಮದ್ ಶಾಹನದು. ಒಳಗೆ ಕಾಲಿಟ್ಟರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಗೋಡೆ, ಮೇಲ್ಛಾವಣಿಯ ಕೆಂಪು, ನೀಲಿ, ಬಂಗಾರದ ಬಣ್ಣಗಳು ನಿಧಾನವಾಗಿ ಹೊರಬರುತ್ತವೆ, ಆರು ಶತಮಾನದ ಹತ್ತಿರ ಹತ್ತಿರ ಹಳೆಯವು. ಈತನನ್ನು ಜನ 'ವಲಿ', ಅಂದರೆ ಸಂತ ಎನ್ನುತ್ತಾರೆ. ಬರಗಾಲದಲ್ಲಿ ಪ್ರಾರ್ಥನೆ ಮಾಡಿ ಮಳೆ ತರಿಸಿದ ಎಂದು ಆ ಹೆಸರು. ನಮ್ಮ ಕಡೆಯ ಭಕ್ತರಿಗೆ ಈತ ಅಲ್ಲಮಪ್ರಭುವಿನ ಅವತಾರ. ಹೋಳಿಯ ನಂತರ ಇಲ್ಲಿ ನಡೆಯುವ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಶಂಖ ಊದಿ, ಕಾಯಿ ಒಡೆದು, ಅವರೇ ಮುಂದೆ ನಿಂತು ನಡೆಸುತ್ತಾರೆ. ಹಿಂದೂಗಳು, ಮುಸಲ್ಮಾನರು ಎಲ್ಲರೂ ಸೇರುವ ಜಾತ್ರೆ ಅದು. ಅತ್ತೆಯವರು ಇಲ್ಲಿ ಮನಸ್ಸು ತುಂಬಿ ಕೈ ಮುಗಿದರು. ನಾನೂ ಮುಗಿದೆ.

ಆದರೆ ಅದೇ ಫರಿಷ್ತಾ, ಜಾಲಿಮನ ಕಥೆ ಹೇಳಿದ ಫರಿಷ್ತಾ, ಈ ಅಜ್ಜನ ಬಗ್ಗೆಯೂ ಬರೆದಿದ್ದಾನೆ. ವಿಜಯನಗರದ ಮೇಲೆ ದಂಡೆತ್ತಿ ಹೋದಾಗ, ಸತ್ತವರ ಲೆಕ್ಕ ಇಪ್ಪತ್ತು ಸಾವಿರ ಮುಟ್ಟಿದಾಗಲೆಲ್ಲ ಅಹಮದ್ ಶಾಹ ಮೂರು ದಿನ ಬಿಡಾರ ಹೂಡಿ ಹಬ್ಬ ಮಾಡುತ್ತಿದ್ದ ಎನ್ನುತ್ತಾನೆ. ಹೆಂಗಸರು, ಮಕ್ಕಳನ್ನೂ ಬಿಡಲಿಲ್ಲ ಎನ್ನುತ್ತಾನೆ. ಹಳೆಯ ಚರಿತ್ರೆಕಾರರ ಅಂಕಿಗಳನ್ನು ನಾನು ಅಕ್ಷರಶಃ ನಂಬುವವಳಲ್ಲ. ಇಪ್ಪತ್ತು ಸಾವಿರ ಇಪ್ಪತ್ತು ಸಾವಿರವೇ ಆಗಿರಬೇಕಿಲ್ಲ. ಆದರೆ ಬರೆದವನು ಒಬ್ಬನೇ, ಪುಸ್ತಕ ಒಂದೇ. ಅದರಲ್ಲಿ ಅಜ್ಜ ಸಂತನಾದ, ಮೊಮ್ಮಗ ಜಾಲಿಮನಾದ. ಯಾಕೆ?

ನನಗೆ ತೋಚಿದ್ದು ಇಷ್ಟು. ಅಜ್ಜನ ಕತ್ತಿಗೆ ಸಿಕ್ಕವರು ದೂರದ ಹಳ್ಳಿಗಳ ಜನ. ಮೊಮ್ಮಗನ ಕೈಗೆ ಸಿಕ್ಕವರು ಬೀದರದ ಸರದಾರರು, ಸಂತ ಮನೆತನದವರು, ಕವಿಗಳು. ಅಂದರೆ ಬರೆಯಬಲ್ಲವರು, ಬರೆಸಬಲ್ಲವರು. ಕೆಟ್ಟ ಹೆಸರು ಶಾಶ್ವತವಾಗಿ ಉಳಿಯಬೇಕಾದರೆ ನೋವು ತಿಂದವರ ಕಡೆ ಒಬ್ಬರಾದರೂ ಲೇಖನಿ ಹಿಡಿದವರು ಇರಬೇಕು. ರೊಮೇನಿಯಾದ ವ್ಲಾಡನದೂ ಇದೇ ಕಥೆ. ಅವನಿಂದ ಪೆಟ್ಟು ತಿಂದವರಲ್ಲಿ ಜರ್ಮನ್ ಭಾಷೆಯ ವ್ಯಾಪಾರಿಗಳಿದ್ದರು. ಆಗ ತಾನೆ ಅಚ್ಚಿನ ಯಂತ್ರ ಬಂದಿತ್ತು. ಆ ಶತಮಾನ ಮುಗಿಯುವ ಮೊದಲೇ ಅವನ ಕ್ರೌರ್ಯದ ಕಿರುಹೊತ್ತಿಗೆಗಳು ಅಚ್ಚಾಗಿ ಊರೂರು ತಿರುಗಿದವು.

ಹುಮಾಯೂನನ ಪರ ವಾದಿಸಿದವರೂ ಇದ್ದಾರೆ. ಹೈದರಾಬಾದಿನ ಇತಿಹಾಸಕಾರ ಹಾರೂನ್ ಖಾನ್ ಶೇರ್ವಾನಿ ಬಹಮನಿಯರ ಮೇಲೆ ದೊಡ್ಡ ಗ್ರಂಥ ಬರೆದವರು. ಫರಿಷ್ತಾ ಬರೆದದ್ದು ಹುಮಾಯೂನ್ ಸತ್ತು ಸುಮಾರು ಒಂದೂವರೆ ಶತಮಾನದ ಮೇಲೆ. ಮಹಮೂದ್ ಗವಾನನ ಪತ್ರಗಳಲ್ಲಿ ಇದೇ ಸುಲ್ತಾನನ ಬಗ್ಗೆ ಗೌರವದ ಮಾತುಗಳಿವೆ. ದಂಗೆ ಎದ್ದವರನ್ನು ಶಿಕ್ಷಿಸಿದ್ದೇ ಬೆಳೆದು ಇಷ್ಟಾಗಿದೆ ಎಂಬುದು ಅವರ ವಾದದ ತಿರುಳು. ಅರ್ಧ ಒಪ್ಪುತ್ತೇನೆ. ಇನ್ನರ್ಧ ಒಪ್ಪಲಾರೆ. ನೌಕರಿಯಲ್ಲಿರುವವನು ಧಣಿಯ ಬಗ್ಗೆ ಪತ್ರದಲ್ಲಿ ಇನ್ನೇನು ಬರೆಯುತ್ತಾನೆ? ನಮ್ಮ ಆಫೀಸಿನ ಈಮೇಲುಗಳನ್ನು ಐನೂರು ವರ್ಷದ ಮೇಲೆ ಯಾರಾದರೂ ಓದಿದರೆ ನಮ್ಮ ಮ್ಯಾನೇಜರುಗಳೆಲ್ಲ ದೇವತೆಗಳು ಎಂದುಕೊಂಡಾರು.

ಇಷ್ಟೆಲ್ಲ ನಾನು ವಿವರಿಸುತ್ತಿರುವಾಗ ಅತ್ತೆಯವರು ಮುರಿದ ಗುಮ್ಮಟದ ನೆರಳಿನಲ್ಲಿ ಕಲ್ಲಿನ ಮೇಲೆ ಕೂತು ಮೊಮ್ಮಗಳಿಗೆ ಚುರುಮುರಿ ಕೊಡುತ್ತಿದ್ದರು. ತಲೆ ಎತ್ತಿ ಒಂದೇ ಪ್ರಶ್ನೆ ಕೇಳಿದರು.

"ಅಲ್ಲವಾ, ಇವಂಗ ಹೇಣ್ತಿ ಇರಲಿಲ್ಲೇನು? ಅಕಿ ಹ್ಯಾಂಗ್ ಬಾಳೇವು ಮಾಡಿದ್ಲು ಇಂಥವನ ಕೂಡ?"

ನನ್ನ ಬಳಿ ಉತ್ತರ ಇರಲಿಲ್ಲ. ಆಟೋದವರ ಬಳಿಯೂ ಇರಲಿಲ್ಲ. ಅವರು ಅಲ್ಲೇ ಹತ್ತಿರದ ಇನ್ನೊಂದು ಗುಮ್ಮಟ ತೋರಿಸಿ, "ರಾಣೀದು ಅಂತಾರ್ರೀ" ಅಂದರು, ಅಷ್ಟೇ. ಮಲಿಕಾ-ಎ-ಜಹಾನಳ ಗೋರಿ ಎಂದು ಅದಕ್ಕೆ ಹೆಸರು. ಅದು ಹೆಸರಲ್ಲ, ಬಿರುದು: ಜಗದ ರಾಣಿ. ಹುಮಾಯೂನನ ಪತ್ನಿಯದು ಎಂಬ ನಂಬಿಕೆ. ಸಿಡಿಲು ಬಡಿದಿಲ್ಲ, ಕಥೆಯಿಲ್ಲ, ಹಾಗಾಗಿ ಫೋಟೊ ತೆಗೆಯುವವರೂ ಇಲ್ಲ.

ಪುಣೆಗೆ ಬಂದ ಮೇಲೆ ನಾನು ಓದಿದ್ದೆಲ್ಲ ಅತ್ತೆಯವರ ಪ್ರಶ್ನೆಗೆ ಉತ್ತರ ಹುಡುಕಲು. ಈ ಮಾತಿನಲ್ಲಿ ನನಗೆ ಮುಖ್ಯವಾದದ್ದು ಇಲ್ಲಿಂದ ಮುಂದಿನದು.

ಚರಿತ್ರೆಯಲ್ಲಿ ಅವಳು ಮಖ್ದೂಮಾ-ಎ-ಜಹಾನ್. ಶೇರ್ವಾನಿಯವರು ನರ್ಗಿಸ್ ಬೇಗಂ ಎಂಬ ಹೆಸರನ್ನೂ ಕೊಡುತ್ತಾರೆ. ಗಂಡನ ಜೊತೆ ಹೇಗೆ ಬಾಳಿದಳು ಎಂದು ಯಾರೂ ಬರೆದಿಲ್ಲ. ಗಂಡ ಸತ್ತ ಮರುದಿನದಿಂದ ಏನು ಮಾಡಿದಳು ಎಂಬುದು ಮಾತ್ರ ಉಳಿದಿದೆ. 1461ರಲ್ಲಿ ಮಗ ನಿಜಾಮ್ ಶಾಹನಿಗೆ ಎಂಟು ವರ್ಷ. ಖಜಾನೆ, ಸೈನ್ಯ, ಸರದಾರರ ನಂಬಿಕೆ, ಮೂರಕ್ಕೂ ಪೆಟ್ಟು ಬಿದ್ದಿದ್ದ ರಾಜ್ಯ. ಆಡಳಿತಕ್ಕೆ ಮೂವರ ಸಮಿತಿ ಆಯಿತು: ಖ್ವಾಜಾ ಜಹಾನ್ ತುರ್ಕ್, ಮಹಮೂದ್ ಗವಾನ್, ಮತ್ತು ರಾಣಿ. ಆಕೆ ಪರದೆಯ ಒಳಗೆ, ಮಂತ್ರಿಗಳು ಹೊರಗೆ. ದಿನಾ ಬೆಳಿಗ್ಗೆ ಇಬ್ಬರೂ ಅರಮನೆಗೆ ಬರುತ್ತಿದ್ದರು. ಒಳಗೂ ಹೊರಗೂ ಮಾತು ತಲುಪಿಸುತ್ತಿದ್ದವಳು ಮಾಹ್ ಬಾನು ಎಂಬ ಹೆಂಗಸು. ಈ ಹೆಸರನ್ನು ಫರಿಷ್ತಾ ಉಳಿಸಿದ್ದಾನೆ. ಅವನಿಗೆ ಅಷ್ಟರಮಟ್ಟಿಗೆ ನಮಸ್ಕಾರ. ಮದುಮಗಳಂದಿರ ಹೆಸರಿಲ್ಲದ ಅದೇ ಪುಸ್ತಕದಲ್ಲಿ ಸಂದೇಶ ಒಯ್ದ ಒಬ್ಬ ಹೆಂಗಸಿನ ಹೆಸರಿದೆ. ಯುದ್ಧ ಮಾಡಬೇಕೋ ಸಂಧಿಯೋ, ಯಾರಿಗೆ ಯಾವ ಜಹಗೀರು, ಎಲ್ಲ ಇವಳ ಬಾಯಿಂದ ಹೋಗಿ ಬರಬೇಕು. ಒಂದು ಪದ ಆಚೀಚೆ ಆದರೆ ರಾಜ್ಯವೇ ಆಚೀಚೆ. ಎಷ್ಟು ನೆನಪು, ಎಷ್ಟು ನಿಯತ್ತು ಬೇಕು ಯೋಚಿಸಿ.

ಜಾಲಿಮ್ ಸತ್ತ, ಗದ್ದುಗೆಯಲ್ಲಿ ಮಗು, ಹಿಂದೆ ಹೆಂಗಸು ಎಂದು ತಿಳಿದ ಕೂಡಲೇ ಎರಡು ಕಡೆಯಿಂದ ದಾಳಿ. ಮೊದಲು ಒಡಿಶಾದ ಕಪಿಲೇಂದ್ರ ಗಜಪತಿಯ ಸೈನ್ಯ ಬೀದರದ ಹತ್ತಿರಕ್ಕೇ ಬಂತು; ಅದನ್ನು ಹಿಂದಕ್ಕೆ ಅಟ್ಟಿದರು. 1462ರಲ್ಲಿ ಮಾಳವದ ಮಹಮೂದ್ ಖಿಲ್ಜಿ ಬಂದ. ಎಂಟೊಂಬತ್ತರ ಹುಡುಗನನ್ನೂ ಯುದ್ಧಭೂಮಿಗೆ ಕರೆದೊಯ್ದಿದ್ದರು. ಹುಡುಗನಿಗೆ ಅಪಾಯವೆಂದು ಸರದಾರನೊಬ್ಬ ಅವನನ್ನು ಕಣದಿಂದ ದೂರ ಒಯ್ದ. ಸುಲ್ತಾನ ಕಾಣದೆ ಸೈನ್ಯ ಚದುರಿತು. ರಾಣಿ ಮಗನನ್ನು ಕರೆದುಕೊಂಡು ಭೀಮಾ ದಂಡೆಯ ಫಿರೋಜಾಬಾದಿಗೆ ಸರಿದಳು. ಅದು ಈಗಿನ ಕಲಬುರಗಿ ಜಿಲ್ಲೆಯಲ್ಲಿದೆ. ಅಲ್ಲಿಂದ ಗುಜರಾತಿನ ಸುಲ್ತಾನ ಮಹಮೂದ್ ಬೇಗಡಾನಿಗೆ ಸಹಾಯ ಕೇಳಿ ಪತ್ರ ಹೋಯಿತು. ಬೀದರ ಪಟ್ಟಣ ಶತ್ರುವಿನ ಕೈಗೆ ಹೋಗಿತ್ತು, ಕೋಟೆ ಮಾತ್ರ ಬಗ್ಗಿರಲಿಲ್ಲ. ಗುಜರಾತಿನ ಸೈನ್ಯ ಬರುತ್ತಿದೆ ಎಂದು ತಿಳಿದು ಖಿಲ್ಜಿ ಗಂಟುಮೂಟೆ ಕಟ್ಟಿದ. ಮರುವರ್ಷ ಮತ್ತೆ ಬಂದ, ಮತ್ತೆ ಹಾಗೆಯೇ ಹೋದ.

ಅದೇ 1463ರಲ್ಲಿ ನಿಜಾಮನಿಗೆ ಮದುವೆ. ಮದುವೆಯ ರಾತ್ರಿ ಸಂಭ್ರಮದ ನಡುವೆ ಅಂತಃಪುರದಿಂದ ಅಳುವ ದನಿ ಕೇಳಿತು. ಹುಡುಗ ತೀರಿಕೊಂಡಿದ್ದ. ವಯಸ್ಸು ಹತ್ತು. ಅಷ್ಟೂರಿನಲ್ಲಿ ಅವನ ಗೋರಿಯೂ ಇದೆ, ಅಪೂರ್ಣ ಕಟ್ಟಡ. ಎರಡು ವರ್ಷದಲ್ಲಿ ಗಂಡ, ಮಗ ಇಬ್ಬರೂ ಹೋದ ಮೇಲೆ ಆಕೆ ಎರಡನೆಯ ಮಗ ಮುಹಮ್ಮದನನ್ನು ಗದ್ದುಗೆಯಲ್ಲಿ ಕೂರಿಸಿ ಮತ್ತೆ ಪರದೆಯ ಹಿಂದೆ ಕೂತಳು. ಅವನಿಗೂ ಒಂಬತ್ತೋ ಹತ್ತೋ ವರ್ಷ.

ಆಕೆಯನ್ನು ದೇವಿ ಮಾಡಲು ನಾನು ಹೊರಟಿಲ್ಲ. ಖ್ವಾಜಾ ಜಹಾನ್ ತುರ್ಕ್ ಅಧಿಕಾರ ಎಲ್ಲ ತನ್ನ ಕೈಗೆ ತೆಗೆದುಕೊಳ್ಳುತ್ತಿದ್ದಾನೆ ಎಂದು ಕಂಡಾಗ, 1466ರಲ್ಲಿ, ತುಂಬಿದ ದರ್ಬಾರಿನಲ್ಲಿ ಮಗನ ಕಣ್ಣೆದುರೇ ಅವನನ್ನು ಕೊಲ್ಲಿಸಿದಳು. ಆ ಮನೆಯ ರೀತಿಯೇ ಅದು. ಆದರೆ ಅಲ್ಲಿಗೆ ನಿಂತಿತು. ಊರು ರಕ್ತದಲ್ಲಿ ನೆನೆಯಲಿಲ್ಲ, ಮದ್ದಿನ ಸರಪಳಿಯ ಹಾಗೆ ಒಂದರ ಹಿಂದೊಂದು ಕೊಲೆ ಆಗಲಿಲ್ಲ. ಆಮೇಲೆ ಗವಾನನನ್ನು ಮುಂದೆ ತಂದಳು. ಮಗ ಬೆಳೆದು ಮದುವೆಯಾದ ಮೇಲೆ ಆಡಳಿತವನ್ನು ಅವನಿಗೆ ಬಿಟ್ಟು ಹಿಂದೆ ಸರಿದಳು. ಅಧಿಕಾರದ ರುಚಿ ಕಂಡವರು ತಾವಾಗಿ ಬಿಟ್ಟುಕೊಟ್ಟದ್ದು ಆ ಮನೆತನದಲ್ಲಿ ನಾನು ಬೇರೆ ಕಂಡಿಲ್ಲ. ಮಗ ಪ್ರತಿದಿನ ತಾಯಿಯನ್ನು ನೋಡಿ ಬರುತ್ತಿದ್ದನಂತೆ. 1470ರ ಆಸುಪಾಸಿನಲ್ಲಿ ಬೀದರಕ್ಕೆ ಬಂದ ಅಫನಾಸಿ ನಿಕಿತಿನ್ ಎಂಬ ರಷ್ಯದ ವ್ಯಾಪಾರಿ, ಸುಲ್ತಾನ ವಿಹಾರಕ್ಕೆ ಹೊರಡುವಾಗ ತಾಯಿಯೂ ಜೊತೆಗಿರುತ್ತಿದ್ದಳೆಂದು ಬರೆದಿಟ್ಟಿದ್ದಾನೆ. ಸುತ್ತ ಸಾವಿರಾರು ಕುದುರೆ, ನೂರಾರು ಆನೆ. ಅದೇ ನಿಕಿತಿನ್, ಈ ದೇಶದ ಹಳ್ಳಿಯ ಜನ ಬಹಳ ಬಡವರು ಎಂದೂ ಬರೆದ.

ನಾವು ನೋಡುವ ಬೀದರದ ಒಳ್ಳೆಯದರಲ್ಲಿ ಬಹುಪಾಲು, ಆ ಮದರಸಾ ಸೇರಿ, ಸಾಧ್ಯವಾದದ್ದು ಆಕೆ ರಾಜ್ಯವನ್ನು ಒಡೆಯದೆ ಹಿಡಿದುಕೊಂಡ ಆ ಐದಾರು ವರ್ಷದಿಂದ ಎಂದು ನನ್ನ ಅಭಿಪ್ರಾಯ. ಆಕೆ ಹೋದ ಮೇಲೆ, 1481ರಲ್ಲಿ, ಇದೇ ಮಗ ಕುಡಿದ ಮತ್ತಿನಲ್ಲಿ, ಯಾರೋ ಸೃಷ್ಟಿಸಿದ ಖೋಟಾ ಪತ್ರ ನಂಬಿ ಮುದುಕ ಗವಾನನ ತಲೆ ತೆಗೆಸಿದ. ಅಲ್ಲಿಂದ ಬಹಮನಿ ರಾಜ್ಯ ಬಿರುಕು ಬಿಟ್ಟು ಐದು ಹೋಳಾಯಿತು. ತಾಯಿ ಇದ್ದಿದ್ದರೆ? ಅತ್ತೆಯವರಿಗೆ ಫೋನಿನಲ್ಲಿ ಇದೆಲ್ಲ ಹೇಳಿದಾಗ ಅವರೂ ಅದೇ ಕೇಳಿದರು.

ನಮ್ಮ ವೇದಿಕೆಯಲ್ಲಿ ಬೆಳಗಾವಿಯವರು ಬಹಳ ಜನ ಇದ್ದೀರಿ, ನಿಮಗಾಗಿ ಒಂದು ಮಾತು. 1472-73ರಲ್ಲಿ ಮಗ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಈ ತಾಯಿಯೂ ಜೊತೆಗೆ ಹೋಗಿದ್ದಳು. ಕೋಟೆ ಬಿತ್ತು. ಆಕೆ ಅಲ್ಲೇ ಬಿಡಾರದಲ್ಲಿ ತೀರಿಕೊಂಡಳು. ದೇಹವನ್ನು ಬೆಳಗಾವಿಯಿಂದ ಬೀದರಕ್ಕೆ ಒಯ್ದರು. ಈಗಿನ ಒಳ್ಳೆಯ ರಸ್ತೆಯಲ್ಲೂ ಅದು ಒಂದು ದಿನದ ದಾರಿ. ಆಗ ಎಷ್ಟು ದಿನ ಹಿಡಿಯಿತೋ. ಮುಂದೆ ತವರಿಗೆ ಹೋದಾಗ ಕೋಟೆಯ ಕಂದಕದ ಪಕ್ಕ ಹಾದು ಹೋಗುತ್ತೀರಲ್ಲ, ಒಮ್ಮೆ ಆಕೆಯನ್ನು ನೆನೆಸಿಕೊಳ್ಳಿ.

ಹೋಗುವವರಿಗೆ ನಾಲ್ಕು ಮಾತು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ, ಬೇಸಿಗೆಯಲ್ಲಿ ಕಲ್ಲು ಕಾಯುತ್ತದೆ. ಕಾರು ಬೇಡ ಎನ್ನುವವರಿಗೆ ಮುಂಬಯಿಯಿಂದ ಪುಣೆ, ಲಾತೂರು ಮೇಲೆ ಬೀದರಕ್ಕೆ ರೈಲಿದೆ. ಕೋಟೆಗೆ ಅರ್ಧ ದಿನ, ಮದರಸಾಕ್ಕೆ ಒಂದು ಗಂಟೆ, ಚೌಖಂಡಿ ಮತ್ತು ಅಷ್ಟೂರಿಗೆ ಇನ್ನರ್ಧ ದಿನ ಇಡಿ. ಅಹಮದ್ ಶಾಹನ ಗೋರಿಯ ಒಳಗೆ ಫ್ಲ್ಯಾಶ್ ಹಾಕಬೇಡಿ, ಬಣ್ಣ ಹಾಳಾಗುತ್ತದೆ. ಬಿದರಿ ಕೆಲಸ ಮಾಡುವವರ ಅಂಗಡಿಗಳು ಮದರಸಾದ ಹತ್ತಿರವೇ ಇವೆ. ಆ ಕಪ್ಪು ಬಣ್ಣ ಬರುವುದು ಹಳೆಯ ಕೋಟೆಯ ಮಣ್ಣಿನಿಂದ. ಚೌಕಾಸಿ ಮಾಡುವ ಮೊದಲು ಐದು ನಿಮಿಷ ಕೂತು ಅವರು ಬೆಳ್ಳಿ ತಂತಿ ಕೂರಿಸುವುದನ್ನು ನೋಡಿ, ಆಮೇಲೆ ಚೌಕಾಸಿ ಮಾಡುವ ಮನಸ್ಸು ಉಳಿದರೆ ಮಾಡಿ.

ಅಷ್ಟೂರಿನಲ್ಲಿ ಆಟೋದವರು ಮುರಿದ ಗುಮ್ಮಟದ ಮುಂದೆ ನಿಲ್ಲಿಸಿ ಸಿಡಿಲಿನ ಕಥೆ ಹೇಳುತ್ತಾರೆ. ಕೇಳಿ. ಆಮೇಲೆ ರಾಣಿಯ ಗೋರಿ ಯಾವುದು ಎಂದು ಕೇಳಿ ಅಲ್ಲಿಗೂ ನಡೆಯಿರಿ, ಹತ್ತಿರದಲ್ಲೇ ಇದೆ. ನಾಲ್ಕು ಜನ ಕೇಳಿದರೆ ಐದನೆಯವರಿಗೆ ಅವರೇ ತೋರಿಸುತ್ತಾರೆ.

ಪ್ರಶ್ನೆಗಳಿದ್ದರೆ ಚಹಾದ ಹೊತ್ತಿನಲ್ಲಿ ಕೇಳಿ. ಅತ್ತೆಯವರು ಕೇಳಿದಂಥ ಪ್ರಶ್ನೆ ಇದ್ದರೆ ಓದಿ ಬಂದು ಮುಂದಿನ ತಿಂಗಳು ಹೇಳುತ್ತೇನೆ.